ಎಚ್-ಇಂಡೆಕ್ಸ್ 46 ಎಂದರೆ ಒಳ್ಳೆಯ ಲ್ಯಾಬ್ ಎಂದು ಅರ್ಥವೇ?

ನಿಮ್ಮ ಪ್ರಶ್ನೆ ಇದು: ನೀವು ಪಿಎಚ್‌ಡಿಗೆ ಸೇರಬೇಕೆಂದಿರುವ ಬಯೋಮೆಡಿಕಲ್ ಲ್ಯಾಬಿನ ಮುಖ್ಯಸ್ಥರ ಗೂಗಲ್ ಸ್ಕಾಲರ್ ಪುಟದಲ್ಲಿ 210 ಪೇಪರ್, 11,400 ಸೈಟೇಷನ್ (ಬೇರೆ ಪೇಪರ್‌ಗಳಲ್ಲಿ ಉಲ್ಲೇಖವಾದ ಲೆಕ್ಕ), ಎಚ್-ಇಂಡೆಕ್ಸ್ 46 (ತಲಾ ಕನಿಷ್ಠ 46 ಸಲ ಉಲ್ಲೇಖವಾದ 46 ಪೇಪರ್‌ಗಳಿವೆ ಎಂದರ್ಥ) ಎಂದಿದೆ, ಇದನ್ನು ನೋಡಿ ಸೇರಬಹುದೇ?

ಈ ಮೂರು ಅಂಕಿಗಳಿಂದ ಹೆಚ್ಚೆಂದರೆ ಊಹಿಸಬಹುದಾದದ್ದು ಇಷ್ಟೇ: ಅವರು ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದಾರೆ, ಬಹಳ ಜನರ ಜೊತೆ ಮಾಡಿದ್ದಾರೆ. ನಿಮಗೆ ಬೇಕಾಗಿರುವುದು ಬೇರೆ. ಆ 11,400 ಸೈಟೇಷನ್ ಯಾವ ಪೇಪರ್‌ಗಳಿಗೆ ಬಂದಿವೆ, ಆ ಪೇಪರ್‌ಗಳಲ್ಲಿ ಅವರ ಹೆಸರು ಎಲ್ಲಿದೆ ಎಂಬುದು ಗೊತ್ತಾಗಬೇಕು. ಅದಕ್ಕೆ ಪ್ರೊಫೈಲಿನ ಬಲಮೂಲೆಯ ಪೆಟ್ಟಿಗೆ ಬಿಟ್ಟು ಕೆಳಗಿನ ಪಟ್ಟಿಗೆ ಇಳಿಯಬೇಕು.

ಮೊದಲು ಪಟ್ಟಿ ಅವರದೇ ಹೌದೋ ಎಂದು ನೋಡಿ. ಹೊಸ ಪೇಪರ್‌ಗಳು ತಾವಾಗಿಯೇ ಸೇರಲಿ ಎಂದು ಬಿಟ್ಟಿದ್ದರೆ ಗೂಗಲ್ ಸ್ಕಾಲರ್ ಅದೇ ಹೆಸರಿನ ಬೇರೆಯವರ ಕೆಲಸವನ್ನೂ ತಂದು ಹಾಕುತ್ತದೆ. ಕುಮಾರ್ ಎಸ್, ವಾಂಗ್ ವೈ, ಕಿಮ್ ಜೆ ಥರದ ಹೆಸರುಗಳಿಗೆ ಇದು ತಪ್ಪಿದ್ದಲ್ಲ. ಹೃದಯದ ಸ್ನಾಯುಕೋಶದ ಪೇಪರ್‌ಗಳ ನಡುವೆ ಕಾಂಕ್ರೀಟಿನ ಬಿರುಕಿನ ಪೇಪರ್ ಕಂಡರೆ ಅದನ್ನು ಮೋಸ ಎನ್ನಬೇಡಿ, ಪ್ರೊಫೈಲನ್ನು ಯಾರೂ ಸ್ವಚ್ಛ ಮಾಡಿಲ್ಲ, ಅಷ್ಟೇ. ಬಯೋಆರ್ಕೈವ್, ಮೆಡ್‌ಆರ್ಕೈವ್ ತಾಣಗಳ ಪ್ರಿಪ್ರಿಂಟ್ (ಜರ್ನಲ್‌ನ ಪರಿಶೀಲನೆಗೆ ಮೊದಲೇ ಹಾಕಿದ ಕರಡು) ಮುಂದೆ ಬೇರೆ ಶೀರ್ಷಿಕೆಯಲ್ಲಿ ಜರ್ನಲ್‌ನಲ್ಲಿ ಬಂದಿದ್ದರೆ ಒಂದೇ ಕೆಲಸ ಎರಡು ಸಲ ಎಣಿಕೆಯಾಗಿರುವುದೂ ಉಂಟು. ಸಮ್ಮೇಳನದ ಸಾರಾಂಶಗಳೂ ಪೇಪರ್ ಲೆಕ್ಕದಲ್ಲಿ ಸೇರಿರುತ್ತವೆ. ಒಬ್ಬರದೇ ಎಚ್-ಇಂಡೆಕ್ಸ್ ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಸೈಟೇಷನ್ ದತ್ತಸಂಚಯಗಳಲ್ಲಿ ಸಾಮಾನ್ಯವಾಗಿ ಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣ. ಇಬ್ಬರನ್ನು ಹೋಲಿಸುವಾಗ ಎರಡೂ ಅಂಕಿ ಒಂದೇ ಕಡೆಯಿಂದ ಬಂದಿರಬೇಕು.

ಸ್ವಚ್ಛವಾದ ಪಟ್ಟಿಗೆ ಬಯೋಮೆಡಿಕಲ್ ಪೇಪರ್‌ಗಳ ಉಚಿತ ದತ್ತಸಂಚಯವಾದ ಪಬ್‌ಮೆಡ್ ಹಿಡಿಯಿರಿ. ಅಡ್ವಾನ್ಸ್ಡ್ ಸರ್ಚ್ ತೆರೆದು ಆಥರ್ ಐಡೆಂಟಿಫೈಯರ್ ಆರಿಸಿ, ಅವರ 16 ಅಂಕಿಗಳ ಆರ್ಕಿಡ್ ಸಂಖ್ಯೆ (ಪ್ರತಿ ಸಂಶೋಧಕರಿಗೂ ಬೇರೆಯಾದ ಗುರುತಿನ ಸಂಖ್ಯೆ) ಹಾಕಿ. ಆರ್ಕಿಡ್ ಶುರುವಾದದ್ದು 2012ರಲ್ಲಿ, ಆದ್ದರಿಂದ ಹಳೆಯ ಪೇಪರ್‌ಗಳು ಹೀಗೆ ಸಿಗುವುದಿಲ್ಲ. ಅವುಗಳಿಗೆ ಪೂರ್ತಿ ಹೆಸರಿನ ಜೊತೆ ಸಂಸ್ಥೆಯ ಹೆಸರು ಹಾಕಿ ಹುಡುಕಬೇಕು. ಬಹಳ ಜನ ಎಡವುವುದು ಇಲ್ಲೇ. 2014ಕ್ಕೆ ಮೊದಲು ಪಬ್‌ಮೆಡ್ ಮೊದಲ ಲೇಖಕರ ವಿಳಾಸವನ್ನು ಮಾತ್ರ ದಾಖಲಿಸುತ್ತಿತ್ತು. ನಿಮ್ಮ ಸಂಶೋಧಕರು ಕೊನೆಯ ಲೇಖಕರಾಗಿದ್ದು, ಮೊದಲ ಲೇಖಕರ ವಿಳಾಸ ಬೇರೆ ಸಂಸ್ಥೆಯದಾಗಿದ್ದರೆ ಆ ಪೇಪರ್ ಈ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಹಾಗಾಗಿ ಹಳೆಯ ಕಾಲಕ್ಕೆ ಹೆಸರಿನ ಜೊತೆ ಸಂಸ್ಥೆಯ ಬದಲು ವಿಷಯದ ಪದ ಹಾಕಿ ಇನ್ನೊಮ್ಮೆ ಹುಡುಕಿ. 2002ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಪೂರ್ತಿ ಹೆಸರೂ ಇರುವುದಿಲ್ಲ, ಇನಿಷಿಯಲ್ ಮಾತ್ರ.

ಪಟ್ಟಿ ಸಿಕ್ಕ ಮೇಲೆ ಅದನ್ನು ಮೂರು ಪಾಲು ಮಾಡಿ: ಹೆಸರು ಮೊದಲು ಇರುವವು, ಕೊನೆಗೆ ಇರುವವು, ನಡುವೆ ಇರುವವು. ಅಡ್ವಾನ್ಸ್ಡ್ ಸರ್ಚ್‌ನಲ್ಲಿ ಮೊದಲ ಲೇಖಕ, ಕೊನೆಯ ಲೇಖಕ ಎಂದು ಬೇರೆ ಬೇರೆ ಫೀಲ್ಡ್‌ಗಳಿರುವುದರಿಂದ ಇದು ಐದು ನಿಮಿಷದ ಕೆಲಸ. ಬಯೋಮೆಡಿಕಲ್ ಕ್ಷೇತ್ರದಲ್ಲಿ ಪ್ರಯೋಗ ಮಾಡಿ ಬರೆದವರು ಮೊದಲು ಬರುತ್ತಾರೆ, ಲ್ಯಾಬ್ ನಡೆಸುವವರು ಕೊನೆಗೆ. 210ರಲ್ಲಿ 70 ಪೇಪರ್‌ಗಳಿಗೆ ಅವರು ಕೊನೆಯ ಲೇಖಕರು ಎಂದುಕೊಳ್ಳಿ. ಆ 70 ಅವರ ಲ್ಯಾಬಿನ ಬೆಳೆ. ಉಳಿದವು ಹೆಚ್ಚಾಗಿ ಬೇರೆಯವರ ಹೊಲದಲ್ಲಿ ಕೈಜೋಡಿಸಿದ್ದು. ಕೊನೆಯ ಮೂರು ವರ್ಷಗಳಲ್ಲಿ ನಡುವಿನ ಹೆಸರುಗಳೇ ತುಂಬಿದ್ದು, ಕೊನೆಯ ಲೇಖಕರಾಗಿ ಒಂದೂ ಹೊಸ ಸಂಶೋಧನೆ ಬಂದಿಲ್ಲ ಎಂದಾದರೆ ಲ್ಯಾಬಿನೊಳಗೆ ಸ್ವಂತ ಕೆಲಸ ನಿಂತಿರಬಹುದು. ಸೇರುವವರಿಗೆ ಇದು ಎಚ್-ಇಂಡೆಕ್ಸ್‌ಗಿಂತ ಹತ್ತು ಪಾಲು ಮುಖ್ಯ. ಒಂದು ವಿನಾಯಿತಿ ಇದೆ: ಜೈವಿಕ ಸಂಖ್ಯಾಶಾಸ್ತ್ರಜ್ಞರು, ಪೆಥಾಲಜಿಸ್ಟ್‌ಗಳು, ಸೀಕ್ವೆನ್ಸಿಂಗ್ ಕೇಂದ್ರ ನಡೆಸುವವರು ನಡುವೆ ಇರುವುದೇ ಸಹಜ. ಅವರನ್ನು ಈ ಅಳತೆಯಿಂದ ಅಳೆಯುವುದು ಅನ್ಯಾಯ.

ನಡುವಿನ ಹೆಸರಿನ ಹಿಂದೆ ನಿಜವಾದ ಕೆಲಸ ಎಷ್ಟಿದೆ ಎಂದು ತಿಳಿಯಲು ನಾಲ್ಕೈದು ಪೇಪರ್‌ಗಳ ಕೊನೆಯಲ್ಲಿರುವ ಲೇಖಕರ ಕೊಡುಗೆಯ ಹೇಳಿಕೆ ಓದಿ. ಈಗ ಅನೇಕ ಜರ್ನಲ್‌ಗಳು ಕ್ರೆಡಿಟ್ ಎಂಬ 14 ಪಾತ್ರಗಳ ಪಟ್ಟಿ ಬಳಸುತ್ತವೆ. ಅದರಲ್ಲಿ ಅವರ ಇನಿಷಿಯಲ್ ಹುಡುಕಿ. ಪರಿಕಲ್ಪನೆ, ವಿಧಾನ, ಪ್ರಯೋಗ, ವಿಶ್ಲೇಷಣೆ ಎಂಬಲ್ಲಿ ಇದ್ದರೆ ಸರಿ. ಪ್ರತಿ ಸಲವೂ ‘ಸಂಪನ್ಮೂಲ’ ಮತ್ತು ‘ಪರಿಶೀಲನೆ, ತಿದ್ದುಪಡಿ’ ಎಂಬ ಎರಡೇ ಕಡೆ ಇದ್ದರೆ ಮಾದರಿ ಕೊಟ್ಟೋ ಉಪಕರಣ ಕೊಟ್ಟೋ ಹೆಸರು ಪಡೆದಿದ್ದಾರೆ ಎಂದು ಊಹಿಸಬಹುದು.

ಈಗ ಎಚ್-ಇಂಡೆಕ್ಸ್. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಇದನ್ನು ಮುಂದಿಟ್ಟರು. ಹತ್ತು ಪೇಪರ್‌ಗಳ ಸೈಟೇಷನ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆಯೋಣ: 120, 64, 31, 18, 9, 7, 6, 4, 2, 0. ಆರನೆಯದಕ್ಕೆ 7 ಇದೆ, ಆರಕ್ಕೆ ಕಡಿಮೆಯಿಲ್ಲ. ಏಳನೆಯದಕ್ಕೆ 6 ಇದೆ, ಏಳು ಮುಟ್ಟಲಿಲ್ಲ. ಆದ್ದರಿಂದ ಎಚ್-ಇಂಡೆಕ್ಸ್ 6. ಮೊದಲ ಪೇಪರಿನ 120 ನಾಳೆ 1,200 ಆದರೂ ಅದು 6ರಲ್ಲೇ ನಿಲ್ಲುತ್ತದೆ. ಅದೇ ಏಳನೆಯ ಪೇಪರಿಗೆ ಒಂದೇ ಒಂದು ಸೈಟೇಷನ್ ಸೇರಿಸಿ, 7 ಆಗಿಬಿಡುತ್ತದೆ. ಮೇಲೇರಲು ಎಲ್ಲಿ ತಳ್ಳಬೇಕೆಂದು ಲೆಕ್ಕ ಬಲ್ಲವರಿಗೆ ಗೊತ್ತು: ತಮ್ಮ ಮುಂದಿನ ಪೇಪರಿನಲ್ಲಿ ತಮ್ಮದೇ ಏಳನೆಯದನ್ನು ಉಲ್ಲೇಖಿಸಿದರೆ ಸಾಕು. ಹಳೆಯ ಕೆಲಸವನ್ನು ಮುಂದುವರಿಸುವವರು ತಮ್ಮನ್ನು ತಾವು ಉಲ್ಲೇಖಿಸುವುದು ತಪ್ಪಲ್ಲ. ಆದರೆ ಸ್ಕೋಪಸ್‌ನಲ್ಲಿ ಸ್ವಂತ ಸೈಟೇಷನ್ ಬಿಟ್ಟು ನೋಡುವ ಸೌಲಭ್ಯವಿದೆ. ಅಲ್ಲಿಯೂ 46 ಇದೆ ಎಂದುಕೊಳ್ಳಿ, ಅದನ್ನು ಒತ್ತಿದಾಗ 44 ಆದರೆ ಪರವಾಗಿಲ್ಲ, 31 ಆದರೆ ಕುಳಿತು ಯೋಚಿಸಿ. ಕಾಲ ಕಳೆದಂತೆ ಈ ಅಂಕಿ ಇಳಿಯುವುದಿಲ್ಲ ಎಂಬುದನ್ನೂ ಮರೆಯಬೇಡಿ. ಹದಿನೈದು ವರ್ಷದಿಂದ ಏನೂ ಮಾಡದವರದೂ ಏರುತ್ತಿರಬಹುದು.

ಪಟ್ಟಿಯನ್ನು ಸೈಟೇಷನ್ ಪ್ರಕಾರ ಜೋಡಿಸಿ ಮೇಲಿನ ಹತ್ತನ್ನು ಒಂದೊಂದಾಗಿ ತೆರೆಯಿರಿ. ಬೇರೆಯವರ ಸಂಶೋಧನೆಗಳನ್ನು ಒಟ್ಟುಗೂಡಿಸಿ ಹೇಳುವ ರಿವ್ಯೂ ಲೇಖನಗಳಿಗೆ, ಚಿಕಿತ್ಸಾ ಮಾರ್ಗಸೂಚಿಗಳಿಗೆ ಮೂಲ ಸಂಶೋಧನೆಗಿಂತ ಸಾಮಾನ್ಯವಾಗಿ ಹೆಚ್ಚು ಸೈಟೇಷನ್ ಬೀಳುತ್ತವೆ. ನೂರಾರು ಲೇಖಕರಿರುವ ಒಕ್ಕೂಟದ ಪೇಪರ್, ಉದಾಹರಣೆಗೆ ಲ್ಯಾನ್ಸೆಟ್‌ನಲ್ಲಿ ಬರುವ ಗ್ಲೋಬಲ್ ಬರ್ಡನ್ ಆಫ್ ಡಿಸೀಸ್ ವರದಿ, ಒಂದೇ ಸಾವಿರಾರು ಸೈಟೇಷನ್ ತಂದುಕೊಡಬಲ್ಲದು. 11,400ರಲ್ಲಿ 7,000 ಅಂಥ ಮೂರು ಪೇಪರ್‌ಗಳದಾದರೆ ಲ್ಯಾಬಿನ ನಿಜವಾದ ಲೆಕ್ಕ ಉಳಿದ 4,400. ವಿಧಾನದ ಪೇಪರ್‌ಗಳದು ಇನ್ನೊಂದು ಬಗೆ. ಪ್ರೋಟೀನ್ ಪ್ರಮಾಣ ಅಳೆಯುವ ಬಗೆ ಹೇಳಿದ ಆಲಿವರ್ ಲೌರಿ ಮತ್ತು ಜೊತೆಗಾರರ 1951ರ ಪೇಪರ್ 3 ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖವಾಗಿದೆ. ಎಲ್ಲರ ಕೈಗೂ ಉಪಕಾರ ಮಾಡಿದ ಕೆಲಸ ಅದು, ಆದರೆ ಅದರ ಅಂಕಿಯನ್ನು ರೋಗದ ಕಾರಣ ಹುಡುಕಿದ ಪೇಪರಿನ ಅಂಕಿಯ ಪಕ್ಕ ಇಡಲಾಗದು. ಸೈಟೇಷನ್ ಎಂದರೆ ಮೆಚ್ಚುಗೆ ಎಂದೂ ಅಲ್ಲ. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ವೇಕ್‌ಫೀಲ್ಡ್ ಅವರ 1998ರ ಪೇಪರನ್ನು ಲ್ಯಾನ್ಸೆಟ್ 2010ರಲ್ಲಿ ಹಿಂತೆಗೆದುಕೊಂಡಿತು. ಅದನ್ನು ಉಲ್ಲೇಖಿಸಿದವರಲ್ಲಿ ಬಹುಪಾಲು ಜನ ಅದನ್ನು ಅಲ್ಲಗಳೆಯಲೆಂದೇ ಉಲ್ಲೇಖಿಸಿದರು. ಇದರ ಎದುರುಮುಖವೂ ಇದೆ. ಕತಾಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಆರ್‌ಎನ್‌ಎ ಬಗ್ಗೆ 2005ರಲ್ಲಿ ಪ್ರಕಟಿಸಿದ ಪೇಪರ್ ಆಗ ದೊಡ್ಡ ಸದ್ದು ಮಾಡಲಿಲ್ಲ. ಅದೇ ಕೆಲಸಕ್ಕೆ 2023ರಲ್ಲಿ ನೊಬೆಲ್ ಬಂತು.

ಕ್ಷೇತ್ರದಿಂದ ಕ್ಷೇತ್ರಕ್ಕೆ ಸೈಟೇಷನ್ ದರ ಬೇರೆ. ಒಂದು ಪೇಪರಿಗೆ ಕ್ಯಾನ್ಸರ್ ಇಮ್ಯುನೊಥೆರಪಿಯಲ್ಲಿ 40 ಸಾಧಾರಣ, ಅಪರೂಪದ ಒಂದು ಪರಾವಲಂಬಿಯ ಅಧ್ಯಯನದಲ್ಲಿ 40 ದೊಡ್ಡದು. ಇದನ್ನು ಸರಿದೂಗಿಸಲು ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಐಸೈಟ್ ಎಂಬ ಉಚಿತ ಸಾಧನವಿದೆ. ಪಬ್‌ಮೆಡ್‌ನಲ್ಲಿ ಕೊನೆಯ ಲೇಖಕರ ಪಟ್ಟಿಯನ್ನು ಪಿಎಂಐಡಿ (ಪಬ್‌ಮೆಡ್ ಪ್ರತಿ ಪೇಪರಿಗೂ ಕೊಡುವ ಸಂಖ್ಯೆ) ರೂಪದಲ್ಲಿ ಸೇವ್ ಮಾಡಿ ಅಲ್ಲಿ ಹಾಕಿದರೆ ಪ್ರತಿ ಪೇಪರಿಗೂ ಆರ್‌ಸಿಆರ್ ಎಂಬ, ಕ್ಷೇತ್ರಕ್ಕೆ ತಕ್ಕಂತೆ ಹೊಂದಿಸಿದ ಸೈಟೇಷನ್ ಅಂಕಿ ಬರುತ್ತದೆ. ಎನ್‌ಐಎಚ್ ಹಣದಿಂದ ನಡೆದ ಪೇಪರ್‌ಗಳ ಮಧ್ಯಾಂಕವನ್ನು (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) 1 ಎಂದು ಇಟ್ಟುಕೊಂಡ ಅಳತೆ ಅದು. ಸರಾಸರಿಯನ್ನು ನೋಡಬೇಡಿ, ಒಂದೇ ದೊಡ್ಡ ಪೇಪರ್ ಅದನ್ನು ಎಳೆದುಬಿಡುತ್ತದೆ, ಮಧ್ಯಾಂಕ ನೋಡಿ. ಕೊನೆಯ ಲೇಖಕರಾದ ಪೇಪರ್‌ಗಳ ಮಧ್ಯಾಂಕ 1ರ ಆಸುಪಾಸು ಇದ್ದರೂ ಅದು ಗಟ್ಟಿ ಲ್ಯಾಬ್. ಕಳೆದ ಒಂದೆರಡು ವರ್ಷದ ಪೇಪರ್‌ಗಳ ಅಂಕಿ ಇನ್ನೂ ಕುದುರಿರುವುದಿಲ್ಲ, ಬಿಟ್ಟುಬಿಡಿ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರನ್ನು ಸಂಶೋಧಕರ ತಲೆಗೆ ಕಟ್ಟುವುದು ಬೇಡ. ಹಿಂದಿನ ಎರಡು ವರ್ಷದ ಲೇಖನಗಳಿಗೆ ಬಂದ ಸೈಟೇಷನ್‌ಗಳ ಸರಾಸರಿ ಅದು, ಒಂದು ಪೇಪರಿನ ಬಗ್ಗೆ ಏನೂ ಹೇಳುವುದಿಲ್ಲ.

ಸಹಯೋಗ ನೋಡಲು ವಿಒಎಸ್‌ವ್ಯೂವರ್ ಎಂಬ ಉಚಿತ ತಂತ್ರಾಂಶಕ್ಕೆ ಪಬ್‌ಮೆಡ್ ಫೈಲ್ ಕೊಟ್ಟರೆ ಸಹಲೇಖಕರ ನಕ್ಷೆ ಮೂಡುತ್ತದೆ. ಅದರಲ್ಲಿ 25ಕ್ಕಿಂತ ಹೆಚ್ಚು ಲೇಖಕರಿರುವ ಪೇಪರ್‌ಗಳನ್ನು ಬಿಡುವ ಆಯ್ಕೆಯನ್ನು ಹಾಕಿ, ಇಲ್ಲವಾದರೆ ಒಂದು ಒಕ್ಕೂಟವೇ ಇಡೀ ಪರದೆ ಆವರಿಸುತ್ತದೆ. ಲ್ಯಾಬಿನ ಗುಂಪಿನಿಂದ ಎರಡು ಮೂರು ಬೇರೆ ಗುಂಪುಗಳಿಗೆ ವರ್ಷಗಟ್ಟಲೆ ಉಳಿದ ದಾರಿಗಳಿದ್ದರೆ ಒಳ್ಳೆಯ ಲಕ್ಷಣ. ಪಿಎಚ್‌ಡಿ ನಡುವೆ ನಿಮಗೆ ರೋಗಿಗಳ ಮಾದರಿಯೋ ಮಾಸ್ ಸ್ಪೆಕ್ಟ್ರೋಮೀಟರೋ ಬೇಕಾದಾಗ ಬಾಗಿಲು ತೆರೆಯುವುದು ಅಲ್ಲಿಂದಲೇ.

ಹಿಂತೆಗೆದ ಪೇಪರ್‌ಗಳಿವೆಯೇ ಎಂದು ರಿಟ್ರ್ಯಾಕ್ಷನ್ ವಾಚ್‌ನ ದತ್ತಸಂಚಯದಲ್ಲಿ ನೋಡಿ. 2023ರಲ್ಲಿ ಪೇಪರ್‌ಗಳ ಡಿಒಐ ಸಂಖ್ಯೆ ನೋಂದಾಯಿಸುವ ಸಂಸ್ಥೆ ಕ್ರಾಸ್‌ರೆಫ್ ಅದನ್ನು ಕೊಂಡು ಎಲ್ಲರಿಗೂ ಮುಕ್ತಗೊಳಿಸಿತು. ಪ್ರಕಟವಾದ ಪೇಪರ್‌ಗಳ ಮೇಲೆ ಓದುಗರು ಆಕ್ಷೇಪ ಬರೆಯುವ ಪಬ್‌ಪಿಯರ್ ತಾಣದಲ್ಲೂ ಹೆಸರು ಹಾಕಿ ಹುಡುಕಿ. ಅಲ್ಲಿ ಹೆಚ್ಚಾಗಿ ಸಿಗುವ ಆಕ್ಷೇಪ ವೆಸ್ಟರ್ನ್ ಬ್ಲಾಟ್‌ನದು (ಪ್ರೋಟೀನನ್ನು ಪಟ್ಟೆಗಳಾಗಿ ತೋರಿಸುವ ಪರೀಕ್ಷೆ): ಒಂದೇ ಪಟ್ಟೆಯ ಚಿತ್ರವನ್ನು ತಿರುಗಿಸಿ ಬೇರೆ ಪ್ರಯೋಗದ್ದೆಂದು ತೋರಿಸಿರುವುದು. ಆಕ್ಷೇಪ ಬಂದ ಮಾತ್ರಕ್ಕೆ ಅಪರಾಧ ಸಾಬೀತಾಗುವುದಿಲ್ಲ. ಲೇಖಕರು ಮೂಲ ಚಿತ್ರ ಕೊಟ್ಟು ಉತ್ತರಿಸಿದ್ದಾರೆಯೇ ಎಂದು ಓದಿ. ತಪ್ಪು ತಮಗೇ ಕಂಡು ತಾವಾಗಿ ಪೇಪರ್ ಹಿಂತೆಗೆದವರ ಮೇಲೆ ನನಗೆ ಗೌರವ ಹೆಚ್ಚು.

ಇಷ್ಟಾದ ಮೇಲೆ ನಿಮಗೆ ನೇರವಾಗಿ ತಟ್ಟುವ ಕೆಲಸ ಉಳಿದಿದೆ. ಅವರು ಕೊನೆಯ ಲೇಖಕರಾದ ಕಳೆದ ಎಂಟು ವರ್ಷಗಳ ಪೇಪರ್‌ಗಳ ಮೊದಲ ಲೇಖಕರ ಹೆಸರುಗಳನ್ನು ವರ್ಷದ ಜೊತೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಲ್ಯಾಬಿನ ಪುಟದಲ್ಲಿರುವ ಹಳೆಯ ವಿದ್ಯಾರ್ಥಿಗಳ ಪಟ್ಟಿಯ ಪಕ್ಕ ಅದನ್ನಿಡಿ. ಬೇರೆ ಬೇರೆ ವಿದ್ಯಾರ್ಥಿಗಳ ಹೆಸರು ಮೊದಲ ಸ್ಥಾನದಲ್ಲಿ ಬರುತ್ತಿದ್ದರೆ ಅಲ್ಲಿ ವಿದ್ಯಾರ್ಥಿ ಬೆಳೆಯುತ್ತಾನೆ. ಒಬ್ಬಿಬ್ಬರು ಪೋಸ್ಟ್‌ಡಾಕ್‌ಗಳ (ಪಿಎಚ್‌ಡಿ ಮುಗಿಸಿ ಲ್ಯಾಬಿನಲ್ಲಿ ಕೆಲಸ ಮಾಡುವವರು) ಹೆಸರೇ ಮತ್ತೆ ಮತ್ತೆ ಬಂದು, ವಿದ್ಯಾರ್ಥಿಗಳೆಲ್ಲ ಮೂರನೆಯ ನಾಲ್ಕನೆಯ ಸ್ಥಾನದಲ್ಲಿದ್ದರೆ ನಿಮಗೂ ಅದೇ ಸ್ಥಾನ ಕಾದಿದೆ. ಸೇರಿದ ವರ್ಷಕ್ಕೂ ಮೊದಲ ಪೇಪರ್ ಬಂದ ವರ್ಷಕ್ಕೂ ಅಂತರ ಎಷ್ಟೆಂದು ಪ್ರತಿ ಹೆಸರಿನ ಮುಂದೆ ಗುರುತಿಸಿ. ಪಟ್ಟಿಯಲ್ಲಿದ್ದು ಒಂದೂ ಪೇಪರ್ ಇಲ್ಲದೆ ಹೋದವರ ಹೆಸರಿಗೆ ಸುತ್ತು ಹಾಕಿ. ಆಮೇಲೆ ಇಬ್ಬರಿಗೆ ಬರೆಯಿರಿ, ಬೇಗ ಮುಗಿಸಿದವರೊಬ್ಬರಿಗೆ, ಸುತ್ತು ಬಿದ್ದವರೊಬ್ಬರಿಗೆ. ಲ್ಯಾಬ್ ಹೇಗಿದೆ ಎಂದು ಕೇಳಿದರೆ ಇಬ್ಬರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಪೇಪರಿನಲ್ಲಿ ಹೆಸರುಗಳ ಕ್ರಮವನ್ನು ಪ್ರಯೋಗ ಶುರುವಾಗುವ ಮೊದಲು ತೀರ್ಮಾನಿಸುತ್ತಿದ್ದರೋ, ಬರೆದು ಮುಗಿಸಿದ ಮೇಲೋ ಎಂದು ಕೇಳಿ.