ಲಾಟೀನು ಉರಿದರೆ ಸಾಲದು, ಚೇಂಬರಿನ ಗಾಳಿ ಅಳೆಯಲೇಬೇಕು

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಪೈಪ್‌ಲೈನ್ ಕೆಲಸ ಮಾಡಿಸುವ ಸಣ್ಣ ಗುತ್ತಿಗೆದಾರ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಫೈರ್ ಹೈಡ್ರೆಂಟ್ ಲೈನಿನ (ಬೆಂಕಿ ನಂದಿಸುವ ನೀರಿನ ಪೈಪ್‌ಲೈನ್) ಹಳೇ 150 ಎಂಎಂ ಸ್ಲೂಸ್ ವಾಲ್ವ್ (ನೀರು ತಡೆಯುವ ಗೇಟು) ತೆಗೆದು ಹೊಸದು ಕೂರಿಸಬೇಕಿದೆ. ವಾಲ್ವ್ ಇರುವ ಚೇಂಬರ್ ಎಂಟು ಅಡಿ ಆಳದ ಗುಂಡಿ. ಮಳೆಗಾಲ ಮುಗಿದ ಮೇಲೂ ಮುಚ್ಚಳ ತೆಗೆದಿರಲಿಲ್ಲ. ಮೊಣಕಾಲುದ್ದ ನೀರು ನಿಂತಿದೆ, ತರಗೆಲೆ ಕೊಳೆತಿದೆ. ನಮ್ಮ ಮೇಸ್ತ್ರಿ, 'ಲಾಟೀನು ಇಳಿಸಿ ನೋಡೋಣ, ಉರಿದ್ರೆ ಇಳಿಯೋಣ, ಅರ್ಧ ಗಂಟೆ ಕೆಲಸ' ಅನ್ನುತ್ತಾರೆ. ಕಾರ್ಖಾನೆಯವರು ಪರ್ಮಿಟ್ (ಇಳಿಯಲು ಲಿಖಿತ ಒಪ್ಪಿಗೆ) ಇಲ್ಲದೆ ಬಿಡಲ್ಲ ಅನ್ನುತ್ತಾರೆ. ಒಂದು ವಾಲ್ವ್‌ಗೆ ಇಷ್ಟೆಲ್ಲ ಬೇಕಾ ಸಾರ್?

ಉತ್ತರ: ಬೇಕು. ವಿಷಾನಿಲದ ಸಂಶಯ ಇರುವ ಗುಂಡಿ, ಟ್ಯಾಂಕ್, ಚೇಂಬರಿಗೆ ಯಾರನ್ನಾದರೂ ಇಳಿಸಬೇಕಾದರೆ, ಬಲ್ಲವರು ಪರೀಕ್ಷೆ ಮಾಡಿ ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟಿರಬೇಕು. ಇಲ್ಲವೇ ಇಳಿಯುವವನು ಉಸಿರಾಟದ ಸಾಧನ ಹಾಕಿಕೊಂಡು, ಬೆಲ್ಟಿಗೆ ಕಟ್ಟಿದ ಹಗ್ಗದ ತುದಿ ಹೊರಗಿನವರ ಕೈಯಲ್ಲಿರಬೇಕು. 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಮಿನಲ್ಲೇ ಇದನ್ನು ಬರೆದಿದ್ದರು. 'ಅರ್ಧ ಗಂಟೆ ಕೆಲಸ' ಅನ್ನುವ ಮಾತು ಕೇಳಿದರೆ ನನಗೆ ಭಯ. ಆಮ್ಲಜನಕ ತೀರಾ ಕಡಿಮೆ ಇರುವ ಗುಂಡಿಯಲ್ಲಿ ಆಳು ಬೀಳುವುದಕ್ಕೆ ಎರಡು ಮೂರು ಉಸಿರು ಸಾಕು.

ಲಾಟೀನಿನ ವಿಚಾರ ಮೊದಲು ಇತ್ಯರ್ಥ ಮಾಡೋಣ. ಬಾವಿಗೆ ಇಳಿಯುವ ಮುಂಚೆ ದೀಪ ಬಿಟ್ಟು ನೋಡುವುದು ನಮ್ಮ ಕಡೆ ಹಿಂದಿನಿಂದ ಬಂದ ರೂಢಿ. ಬೇರೆ ದಾರಿ ಇಲ್ಲದ ಕಾಲಕ್ಕೆ ಅದು ಸರಿಯಿತ್ತು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 20.9 ಇರುತ್ತದೆ. 19.5ಕ್ಕಿಂತ ಕೆಳಗಿಳಿದರೆ ಒಳಗೆ ಹೋಗಬಾರದು. ಲಾಟೀನು ಆರುವುದು ಸುಮಾರು 16ರ ಹತ್ತಿರ. ಅಷ್ಟು ಹೊತ್ತಿಗೆ ಮನುಷ್ಯನ ತಲೆ ಮಂಕಾಗಿ, ಏಣಿ ಹತ್ತಿ ವಾಪಸು ಬರಬೇಕು ಅನ್ನುವುದೂ ಹೊಳೆಯುವುದಿಲ್ಲ. ಇನ್ನು ಕಾರ್ಬನ್ ಮೊನಾಕ್ಸೈಡ್ ಅಥವಾ ಹೈಡ್ರೋಜನ್ ಸಲ್ಫೈಡ್ ಆಳನ್ನು ಕೊಲ್ಲುವಷ್ಟು ತುಂಬಿದ್ದರೂ ದೀಪ ಆರಾಮವಾಗಿ ಉರಿಯುತ್ತಿರುತ್ತದೆ. ಕೊಳೆತ ಎಲೆಯಿಂದ ಹುಟ್ಟುವ ಮೀಥೇನ್ ಗಾಳಿಯಲ್ಲಿ ಶೇ 5ರಿಂದ 15ರಷ್ಟು ಸೇರಿದ್ದರೆ ಅದೇ ದೀಪ ಅದಕ್ಕೆ ಬೆಂಕಿ ಹಚ್ಚುತ್ತದೆ. ದಯವಿಟ್ಟು ಲಾಟೀನು ಬೇಡ.

ಆಮ್ಲಜನಕ, ಸುಡುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಈ ನಾಲ್ಕನ್ನೂ ತೋರಿಸುವ ಗ್ಯಾಸ್ ಮೀಟರ್ ತರಿಸಿ. ಕೊಳ್ಳಲು ಆಗದಿದ್ದರೆ ಕಾರ್ಖಾನೆಯ ಸುರಕ್ಷತಾ ವಿಭಾಗದಿಂದ ಕೇಳಿ ಪಡೆಯಿರಿ. ಮುಚ್ಚಳ ಪೂರ್ತಿ ಸರಿಸುವ ಮುಂಚೆ, ಸಂದಿನಿಂದಲೇ ಮೀಟರಿನ ಟ್ಯೂಬ್ ಬಿಟ್ಟು ಮೇಲೆ, ನಡುವೆ, ತಳದಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಮೀಥೇನ್ ಹಗುರ, ಮೇಲೆ ಸೇರಿಕೊಳ್ಳುತ್ತದೆ. ಹೈಡ್ರೋಜನ್ ಸಲ್ಫೈಡ್, ಇಂಗಾಲದ ಡೈಆಕ್ಸೈಡ್ ತಳ ಹಿಡಿಯುತ್ತವೆ. ಚೇಂಬರಿನ ಬಾಯಲ್ಲಿ ಮಾತ್ರ ಅಳೆದು 'ಎಲ್ಲ ಸರಿ ಇದೆ' ಅನ್ನುವುದು ಅಳೆಯದಿದ್ದಂತೆಯೇ. ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 10 ಭಾಗ) ಮುಟ್ಟಿದರೆ, ಸುಡುವ ಅನಿಲ ಅದರ ಸ್ಫೋಟದ ಕೆಳಮಿತಿಯ (ಹತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣ, ಮೀಥೇನಿಗೆ ಶೇ 5) ಶೇ 10 ದಾಟಿದರೆ ಯಾರೂ ಇಳಿಯಬಾರದು. ಮೂಗನ್ನು ನಂಬಲೇಬೇಡಿ. ಕೊಳೆತ ಮೊಟ್ಟೆಯ ವಾಸನೆ ಹೊಡೆಯುವ ಈ ಅನಿಲ 100 ಪಿಪಿಎಂ ಆಸುಪಾಸಿಗೆ ಬಂದಾಗ ಮೂಗಿನ ಶಕ್ತಿಯನ್ನೇ ಅಡಗಿಸುತ್ತದೆ. ವಾಸನೆ ಹೋಯಿತು ಅಂತ ಸಮಾಧಾನ ಪಡುವ ಗಳಿಗೆಯೇ ಅತಿ ಅಪಾಯದ್ದು.

ಇನ್ನೊಂದು ವಿಷಯ ಅನುಭವಸ್ಥರೂ ಮರೆಯುತ್ತಾರೆ. ಈ ಮೀಟರು ಸಾಮಾನ್ಯವಾಗಿ ಇಂಗಾಲದ ಡೈಆಕ್ಸೈಡ್ ತೋರಿಸುವುದಿಲ್ಲ. ಆಮ್ಲಜನಕ 20.9ರಿಂದ 19.9ಕ್ಕೆ ಇಳಿದರೆ ಮೀಟರ್ ಕೂಗುವುದಿಲ್ಲ, ಮಿತಿಯೊಳಗೇ ಇದೆ. ಆದರೆ ಬೇರೊಂದು ಅನಿಲ ನುಗ್ಗಿ ಗಾಳಿಯನ್ನು ಹೊರದಬ್ಬಿ ಹೀಗಾಗಿದ್ದರೆ, ಒಳಗೆ ಅದು ಶೇ 5ರಷ್ಟು ಸೇರಿದೆ ಅಂತಲೇ ಲೆಕ್ಕ, ಏಕೆಂದರೆ ಗಾಳಿಯಲ್ಲಿ ಆಮ್ಲಜನಕದ ಪಾಲು ಐದರಲ್ಲಿ ಒಂದು ಮಾತ್ರ. ಇಂಗಾಲದ ಡೈಆಕ್ಸೈಡ್ ಶೇ 4 ಮುಟ್ಟಿದರೇ ಜೀವಕ್ಕೆ ಅಪಾಯ. ಹಾಗಾಗಿ ನನ್ನ ಸಲಹೆ: ಹೊರಗೆ ತೋರಿಸಿದ ಅಂಕಿಗಿಂತ ಒಳಗೆ ಅರ್ಧ ಪಾಯಿಂಟ್ ಕಡಿಮೆ ಬಂದರೂ ಕಾರಣ ಗೊತ್ತಾಗುವ ತನಕ ಕಾಯಿರಿ.

ನೀರು ತೆಗೆಯುವಾಗಲೇ ಎಷ್ಟೋ ಕಡೆ ಅನಾಹುತ ಆಗುವುದು. ಪೆಟ್ರೋಲ್, ಡೀಸೆಲ್ ಎಂಜಿನ್ ಪಂಪನ್ನು ಗುಂಡಿಯೊಳಗೆ ಇಳಿಸಿ ಓಡಿಸಬೇಡಿ. ಬಾಯಿಯ ಪಕ್ಕದಲ್ಲೂ ಇಡಬೇಡಿ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕರೆಂಟಿನ ಸಬ್‌ಮರ್ಸಿಬಲ್ ಪಂಪನ್ನು ಹಗ್ಗ ಕಟ್ಟಿ ಮೇಲಿನಿಂದಲೇ ಬಿಡಿ. ಕರೆಂಟಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇರಲಿ. ಆಳು ಇಳಿಯುವ ಮುಂಚೆ ಪ್ಲಗ್ ಕಿತ್ತು ಪಂಪ್ ಮೇಲೆತ್ತಿ. ನೀರು ಖಾಲಿಯಾದ ಮೇಲೆ ತಳದ ಕೆಸರನ್ನು ಉದ್ದನೆಯ ಬಿದಿರಿನಿಂದ ಚೆನ್ನಾಗಿ ಕದಡಿ. ತಿಳಿಯಾಗಿ ನಿಂತಿದ್ದಾಗ ಮೀಟರ್ ಸೊನ್ನೆ ತೋರಿಸಿರುತ್ತದೆ. ಆಳು ಕಾಲಿಟ್ಟು ಕೆಸರು ಕಲಕಿದ ಕೂಡಲೇ ಅದರಲ್ಲಿ ಅಡಗಿದ್ದ ಅನಿಲ ಮೇಲೇಳುತ್ತದೆ. ಅದು ನೀವು ಮೇಲಿದ್ದಾಗಲೇ ಏಳಲಿ. ಆಮೇಲೆ ಬ್ಲೋವರಿನ ಪೈಪನ್ನು ತಳದ ತನಕ ಬಿಟ್ಟು ಹೊಸ ಗಾಳಿ ಊದಿ, ಮತ್ತೆ ಅಳೆಯಿರಿ. ಕೆಲಸ ಮುಗಿಯುವ ತನಕ ಬ್ಲೋವರ್ ನಿಲ್ಲಬಾರದು, ಮೀಟರ್ ಒಳಗಿದ್ದವನ ಎದೆಯ ಮೇಲಿರಬೇಕು. ವೆಲ್ಡಿಂಗ್ ಸಿಲಿಂಡರಿನ ಆಮ್ಲಜನಕ ಬಿಟ್ಟು ಗಾಳಿ 'ಸರಿ' ಮಾಡಲು ಹೋಗಬೇಡಿ. ಶೇ 23.5 ದಾಟಿದರೆ ಒಂದು ಕಿಡಿಗೆ ಬಟ್ಟೆ ಭಗ್ಗನೆ ಹತ್ತಿಕೊಳ್ಳುತ್ತದೆ. ಬೆಳಕಿಗೆ 24 ವೋಲ್ಟಿಗಿಂತ ಹೆಚ್ಚಿನ ದೀಪ ಬೇಡ. ಹಾವು, ಚೇಳು ಇದ್ದಾವೇ ಅಂತ ಟಾರ್ಚ್ ಬಿಟ್ಟು ನೋಡುವುದು ನಿಮಗೆ ಹೇಳಿಕೊಡಬೇಕಿಲ್ಲ. ಇಲಿಜ್ವರದ ಸೀಮೆ ನಮ್ಮದು, ಗಂಬೂಟು ಮತ್ತು ರಬ್ಬರ್ ಕೈಗವಸು ಇಲ್ಲದೆ ಆ ಕೆಸರು ಮುಟ್ಟುವುದು ಬೇಡ.

ಇನ್ನು ಲೈನು. ಹೈಡ್ರೆಂಟ್ ಲೈನನ್ನು ಮಾಮೂಲಿ ನೀರಿನ ಲೈನಿನ ಹಾಗೆ ನೋಡಬೇಡಿ. ನೀವು ನೀರು ಬಿಟ್ಟು ಒತ್ತಡ ಇಳಿಸಿದ ಕೂಡಲೇ ಪಂಪ್‌ಹೌಸಿನಲ್ಲಿ ಜಾಕಿ ಪಂಪ್ (ಲೈನಿನ ಒತ್ತಡ ಕಾಯುವ ಸಣ್ಣ ಪಂಪ್) ತಾನಾಗಿ ಶುರುವಾಗುತ್ತದೆ, ಸಾಲದಿದ್ದರೆ ಮುಖ್ಯ ಪಂಪ್, ಕರೆಂಟ್ ತೆಗೆದಿದ್ದರೆ ಡೀಸೆಲ್ ಪಂಪ್. ಬೆಂಕಿ ಬಿದ್ದಿದೆ ಅಂತ ಅವು ತಿಳಿಯುತ್ತವೆ. ಫ್ಲೇಂಜ್ (ಬೋಲ್ಟ್ ಹಾಕಿ ಬಿಗಿಯುವ ಪೈಪಿನ ಅಂಚು) ಬಿಚ್ಚಿಕೊಂಡು ಚೇಂಬರಿನಲ್ಲಿ ಕೂತವನ ಮೇಲೆ ಇಡೀ ಲೈನಿನ ನೀರು ನುಗ್ಗಿದರೆ ಏನಾದೀತು ಯೋಚಿಸಿ. ಮೂರೂ ಪಂಪಿನ ಸೆಲೆಕ್ಟರ್ ಆಫ್ ಮಾಡಿ, ಬೀಗ ಹಾಕಿ, ಡೀಸೆಲ್ ಪಂಪಿನ ಬ್ಯಾಟರಿ ವೈರ್ ಕಳಚಿ, ಬೀಗದ ಕೈ ಇಳಿಯುವವನ ಜೇಬಿನಲ್ಲೇ ಇರಲಿ. ಎರಡೂ ಕಡೆಯ ವಾಲ್ವ್ ಮುಚ್ಚಿ, ತಗ್ಗಿನ ಹೈಡ್ರೆಂಟ್ ತೆರೆದು ಖಾಲಿ ಮಾಡಿ. ಮಲೆನಾಡಿನಲ್ಲಿ ಟ್ಯಾಂಕ್ ದಿಬ್ಬದ ಮೇಲಿರುವುದೇ ಹೆಚ್ಚು. 30 ಮೀಟರ್ ಎತ್ತರದ ಟ್ಯಾಂಕಿನಿಂದ ಪಂಪೇ ಇಲ್ಲದೆ ಚದರ ಸೆಂಟಿಮೀಟರಿಗೆ 3 ಕೆಜಿ ಒತ್ತಡ ಬರುತ್ತದೆ, ಅಂದರೆ 150 ಎಂಎಂ ಪೈಪಿನ ಬಾಯಿಯ ಮೇಲೆ 500 ಕೆಜಿಗೂ ಮೀರಿದ ತಳ್ಳಾಟ. ಗೇಜ್ ಸೊನ್ನೆ ತೋರಿಸಿದರೂ ನಟ್‌ಗಳನ್ನು ಪೂರ್ತಿ ಬಿಚ್ಚದೆ, ಮೈಯಿಂದ ಆಚೆ ಇರುವ ಬೋಲ್ಟಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪ ಸಡಿಲಿಸಿ. ಉಳಿದ ನೀರು ಆ ಕಡೆಯಿಂದ ಹೊರಬರಲಿ. ಹೈಡ್ರೆಂಟ್ ಬಂದ್ ಇರುವಷ್ಟು ಹೊತ್ತು ಕಾರ್ಖಾನೆಯವರು ಬೇರೆ ಬೆಂಕಿ ನಂದಕಗಳನ್ನೂ ಕಾವಲನ್ನೂ ಇಟ್ಟುಕೊಳ್ಳಬೇಕು.

ಹೊಸ ವಾಲ್ವ್ ಇಬ್ಬರು ಕೈಯಲ್ಲಿ ಹಿಡಿದು ಇಳಿಸುವ ತೂಕದ್ದಲ್ಲ. ಟ್ರೈಪಾಡ್ (ಬಾಯಿಯ ಮೇಲೆ ನಿಲ್ಲಿಸುವ ಮುಕ್ಕಾಲಿ), ಚೈನ್ ಪುಲ್ಲಿಯಿಂದ ಇಳಿಸಿ. ಅದು ತೂಗುತ್ತಿರುವಾಗ ಕೆಳಗೆ ಯಾರೂ ಇರಬಾರದು. ಆದಷ್ಟು ಜೋಡಣೆ ಮೇಲೆಯೇ ಮುಗಿಸಿ. ತುಂಡು ಪೈಪ್, ಫ್ಲೇಂಜ್, ಗ್ಯಾಸ್ಕೆಟ್ ಎಲ್ಲ ಬಯಲಲ್ಲೇ ಕೂರಿಸಿ, ಅಳತೆ ತಾಳೆ ನೋಡಿ, ಒಂದೇ ಘಟಕವಾಗಿ ಇಳಿಸಿದರೆ ಒಳಗೆ ಬೋಲ್ಟ್ ಬಿಗಿಯುವುದಷ್ಟೇ ಉಳಿಯುತ್ತದೆ. ಬೋಲ್ಟನ್ನು ಸುತ್ತಿಕೊಂಡು ಬಿಗಿಯಬೇಡಿ, ಎದುರು ಬದುರು ಬಿಗಿಯಿರಿ. ಸ್ಪಿಂಡಲ್ (ವಾಲ್ವ್ ತಿರುಗಿಸುವ ಸರಳು) ಮೇಲಕ್ಕೆ ಉದ್ದ ಮಾಡಿಸಿ ಅಂತ ಕಾರ್ಖಾನೆಯವರಿಗೆ ನಾನಾದರೆ ಒತ್ತಾಯವೇ ಮಾಡುತ್ತೇನೆ. ಮುಂದೆ ವಾಲ್ವ್ ತಿರುಗಿಸಲು ಯಾರೂ ಇಳಿಯಬೇಕಾಗುವುದಿಲ್ಲ. ಕೆಲಸ ಮುಗಿದು, ಲೈನಿನ ಗಾಳಿಯೆಲ್ಲ ಹೊರಬಿಟ್ಟು, ಒತ್ತಡ ಪರೀಕ್ಷೆ ಮಾಡುವಾಗ ಚೇಂಬರ್ ಖಾಲಿ ಇರಬೇಕು. ಸೋರಿಕೆಯನ್ನು ಮೇಲಿನಿಂದಲೇ ಟಾರ್ಚ್ ಬಿಟ್ಟು ನೋಡಿ.

ಮೇಲೆ ನಿಲ್ಲುವವನಿಗೆ ಒಂದೇ ಕೆಲಸ, ಕೆಳಗಿನವನ ಮೇಲೆ ಕಣ್ಣಿಡುವುದು. ಸ್ಪ್ಯಾನರ್ ತರಲು, ಚಹಾ ತರಲು ಅವನನ್ನು ಕಳಿಸಬೇಡಿ. ಕೆಳಗಿನವನು ಕುಸಿದರೆ ಟ್ರೈಪಾಡಿನ ಹಗ್ಗದಿಂದ ಎಳೆದುಕೊಳ್ಳಬೇಕು, 112ಕ್ಕೆ ಫೋನ್ ಮಾಡಬೇಕು, ತಾನು ಇಳಿಯಬಾರದು. ಇಂಥ ಗುಂಡಿಗಳಲ್ಲಿ ಸತ್ತವರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಧುಮುಕಿದವರೇ ಎಂದು ಅಮೆರಿಕದ ವೃತ್ತಿ ಸುರಕ್ಷತಾ ಸಂಸ್ಥೆ 1986ರಲ್ಲೇ ಲೆಕ್ಕ ಕೊಟ್ಟಿತ್ತು. ಅಣ್ಣನ ಹಿಂದೆ ತಮ್ಮ, ಅಪ್ಪನ ಹಿಂದೆ ಮಗ ಇಳಿಯುವ ನಮ್ಮ ಊರುಗಳಲ್ಲಿ ಈ ಮಾತನ್ನು ಕೆಲಸ ಶುರುವಾಗುವ ಮುಂಚೆಯೇ ಎಲ್ಲರ ಎದುರು ಗಟ್ಟಿಯಾಗಿ ಹೇಳಿ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ವಸತಿಗೃಹದ ಮೆಟ್ಟಿಲ ಪಕ್ಕದ ಎರಡಡಿ ಅಗಲದ ಡಕ್ಟಿನಲ್ಲಿ (ಪೈಪ್ ಹಾಯಿಸುವ ಕಿರಿದಾದ ಕಿಂಡಿ) ಲ್ಯಾಂಡಿಂಗ್ ವಾಲ್ವ್ (ಮಹಡಿಯಲ್ಲಿ ಬೆಂಕಿ ನಂದಿಸುವ ಪೈಪ್ ಸಿಕ್ಕಿಸುವ ವಾಲ್ವ್) ಕೂರಿಸಬೇಕು. ಅಲ್ಲೂ ಇದೇ ನಿಯಮವೇ?

ಉತ್ತರ: ಅಲ್ಲಿ ಕೊಳೆತ ಅನಿಲಕ್ಕಿಂತ ವೆಲ್ಡಿಂಗ್ ಹೊಗೆ ಮತ್ತು ಕೆಳಗೆ ಬೀಳುವ ಅಪಾಯ ದೊಡ್ಡದು. ವೆಲ್ಡಿಂಗ್ ಎಲ್ಲ ಹೊರಗೆ ಮುಗಿಸಿ ತನ್ನಿ. ಪ್ರತಿ ಮಹಡಿಯಲ್ಲೂ ಡಕ್ಟಿಗೆ ಹಲಗೆ ಹಾಸಿ, ಬೆಲ್ಟ್ ಕಟ್ಟಿ. ವಾಲ್ವ್ ಐಎಸ್ 5290 (ಇಂಥ ವಾಲ್ವಿನ ಭಾರತೀಯ ಮಾನಕ) ಗುರುತಿನದ್ದೇ ಇರಲಿ, ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ, 63 ಎಂಎಂ ಬಾಯಿ ಹೊರಮುಖವಾಗಿ.

ಪ್ರಶ್ನೆ: ನಮ್ಮ ಯಜಮಾನರು ಭದ್ರಾವತಿಯಲ್ಲಿ ಪೈಪ್ ಫಿಟ್ಟರ್. ಚೇಂಬರಿಗೆ ಇಳಿಯಲು ಗುತ್ತಿಗೆದಾರರು ಮಾಸ್ಕ್ ಕೊಟ್ಟಿದ್ದಾರಂತೆ. ಅಷ್ಟು ಸಾಕೇ?

ಉತ್ತರ: ಸಾಲದು ತಾಯಿ. ಬಟ್ಟೆಯ ಮಾಸ್ಕಾಗಲಿ, ಡಬ್ಬಿ ಹಾಕಿದ ಮಾಸ್ಕಾಗಲಿ ಇರುವ ಗಾಳಿಯನ್ನು ಸೋಸುತ್ತದೆಯೇ ಹೊರತು ಆಮ್ಲಜನಕ ಕೊಡುವುದಿಲ್ಲ. ಆಮ್ಲಜನಕ ಕಡಿಮೆ ಇರುವ ಕಡೆ ಬೆನ್ನಿಗೆ ಗಾಳಿಯ ಸಿಲಿಂಡರ್ ಇರಬೇಕು, ಇಲ್ಲವೇ ಹೊರಗಿನಿಂದ ಗಾಳಿ ಬರುವ ಪೈಪಿನ ಮುಖಗವಸು ಬೇಕು. ಇಳಿಯುವ ಮುಂಚೆ ಗ್ಯಾಸ್ ಮೀಟರ್ ಎಲ್ಲಿ ಅಂತ ಕೇಳಲಿ. ಮೀಟರ್ ಕೊಟ್ಟರೆ ಅದನ್ನು ಬಯಲಲ್ಲಿ ಆನ್ ಮಾಡಿ ಆಮ್ಲಜನಕ 20.9 ತೋರಿಸುತ್ತದೆಯೇ ನೋಡಲಿ. ತೋರಿಸದಿದ್ದರೆ ಬೇರೆ ಮೀಟರ್ ಬರುವ ತನಕ ಮೇಲೆಯೇ ಇರಲಿ.