ಮೂರು ಆಪರೇಷನ್ ಆಯ್ತು, ಭಗಂದರ ಮಾತ್ರ ಹೋಗಿಲ್ಲ

ಪ್ರಶ್ನೆ: ಡಾಕ್ಟರೇ, ನನಗೆ 36 ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ. ನಾಲ್ಕು ವರ್ಷದ ಹಿಂದೆ ಮಲದ್ವಾರದ ಪಕ್ಕ ಕುರು ಎದ್ದು ಜ್ವರ ಬಂತು, ಕುಯ್ದು ಕೀವು ತೆಗೆದರು. ಸ್ವಲ್ಪ ದಿನಕ್ಕೆ ಅಲ್ಲೇ ಸಣ್ಣ ತೂತಾಗಿ ಸೋರಲು ಶುರುವಾಯಿತು. ಫಿಸ್ಟುಲಾ, ಅಂದರೆ ಭಗಂದರ, ಅಂದರು. ಆಮೇಲೆ ಮೂರು ಆಪರೇಷನ್ ಆಗಿದೆ, ಕೊನೆಯದು ಲೇಸರ್. ಪ್ರತಿ ಸಲ ಕೆಲವು ತಿಂಗಳು ಒಣಗಿದ ಹಾಗಿರುತ್ತದೆ, ಮತ್ತೆ ಊದಿಕೊಂಡು ಒಡೆಯುತ್ತದೆ. ಈಗ ನಾಲ್ಕನೆಯದು ಮಾಡಿಸಿ ಅನ್ನುತ್ತಿದ್ದಾರೆ. ಪ್ಯಾಂಟಿಗೆ ಕಲೆ ಆಗಿದೆಯೇನೋ ಅಂತ ಗಿರಾಕಿಗಳ ಎದುರೇ ಹಿಂದೆ ಮುಟ್ಟಿ ನೋಡಿಕೊಳ್ಳುವ ಹಾಗಾಗಿದೆ. ಉಷ್ಣ ಅಂತ ಅಮ್ಮ ಮೊಟ್ಟೆ, ಕೋಳಿ, ಬದನೆಕಾಯಿ ಎಲ್ಲ ಬಿಡಿಸಿದ್ದಾರೆ. ಸಾಲವೂ ಆಗಿದೆ. ಇದು ಹೋಗೋದೇ ಇಲ್ವಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಹೋಗುತ್ತದೆ. ಆದರೆ ನಾಲ್ಕನೆಯದಕ್ಕೆ ಈಗಲೇ ಹೂಂ ಅನ್ನಬೇಡಿ. ಆಪರೇಷನ್ ಬೇಡ ಅಂತ ಹೇಳುತ್ತಿಲ್ಲ. ಮೂರನೆಯದು ಯಾಕೆ ಕೈಕೊಟ್ಟಿತು ಅಂತ ನಿಮಗೆ ಯಾರಾದರೂ ಹೇಳಿದ್ದಾರಾ? ನಿಮ್ಮ ಪತ್ರದಲ್ಲಿ ಅದೊಂದು ಬಿಟ್ಟು ಎಲ್ಲ ಇದೆ. ಆ ಉತ್ತರ ಸಿಗದೆ ಮತ್ತೆ ಟೇಬಲ್ ಮೇಲೆ ಮಲಗಿದರೆ ಐದನೆಯದರ ಮಾತು ಬರೋದಕ್ಕೆ ಜಾಸ್ತಿ ದಿನ ಬೇಕಾಗಿಲ್ಲ.

ಇದು ಹೇಗೆ ಆಗುತ್ತದೆ ಅಂತ ಸ್ವಲ್ಪ ತಿಳಿದುಕೊಳ್ಳಿ. ಮಲದ್ವಾರದ ಒಳಗೆ, ಸುತ್ತಲೂ ಸಣ್ಣ ಸಣ್ಣ ಗ್ರಂಥಿಗಳಿವೆ. ಅವುಗಳಲ್ಲಿ ಒಂದರ ಬಾಯಿ ಕಟ್ಟಿಕೊಂಡು ಸೋಂಕಾದರೆ ಕೀವು ತುಂಬುತ್ತದೆ, ಅದು ದಾರಿ ಮಾಡಿಕೊಂಡು ಚರ್ಮದ ಕಡೆ ಬಂದು ಕುರುವಾಗುತ್ತದೆ. ಹತ್ತರಲ್ಲಿ ಒಂಬತ್ತು ಫಿಸ್ಟುಲಾ ಶುರುವಾಗೋದು ಹೀಗೇ. ಕುರು ಒಡೆದರೂ ಒಳಗಿನ ಬಾಯಿ ತೆರೆದೇ ಇದ್ದರೆ ಆ ದಾರಿ ಮುಚ್ಚುವುದಿಲ್ಲ. ಹೊರಗಿನ ತೂತು ಒಣಗಿದ ಹಾಗೆ ಕಾಣುತ್ತದೆ, ಒಳಗೆ ಮತ್ತೆ ಕೀವು ಸೇರುತ್ತದೆ, ಊದುತ್ತದೆ, ಒಡೆಯುತ್ತದೆ. ನೀವು ಬರೆದಿರುವುದೂ ಇದನ್ನೇ. ಇದರಲ್ಲಿ ನೀವು ತಿಂದ ಬದನೆಕಾಯಿಯ ತಪ್ಪೇನೂ ಇಲ್ಲ.

ಹಾಗಾದರೆ ಯಾಕೆ ಮತ್ತೆ ಮತ್ತೆ? ಸಾಮಾನ್ಯವಾಗಿ ಎರಡರಲ್ಲಿ ಒಂದು. ಒಳಗಿನ ಬಾಯಿ ಸಿಕ್ಕಿರುವುದಿಲ್ಲ, ಇಲ್ಲವೇ ಮುಖ್ಯ ದಾರಿಗೆ ಕವಲು ಇದ್ದು ಅದು ಉಳಿದುಬಿಟ್ಟಿರುತ್ತದೆ. ಕೆಲವರಲ್ಲಿ ಕೀವು ಮಲದ್ವಾರದ ಹಿಂಭಾಗದಿಂದ ಎರಡೂ ಪಕ್ಕಕ್ಕೆ ಕುದುರೆ ಲಾಳದ ಆಕಾರದಲ್ಲಿ ಹರಡಿಕೊಂಡಿರುತ್ತದೆ. ಬೆರಳಿಟ್ಟು ನೋಡಿದರೆ ಇದೆಲ್ಲ ಪೂರ್ತಿ ಗೊತ್ತಾಗುವುದಿಲ್ಲ. ಅದಕ್ಕೇ ಮರುಕಳಿಸಿದ ಫಿಸ್ಟುಲಾಗೆ ಎಂಆರ್‌ಐ ಸ್ಕ್ಯಾನ್ ಆಗಲೇಬೇಕು. ದಾರಿ ಎಲ್ಲಿಂದ ಹೊರಟಿದೆ, ಮಲ ಹಿಡಿದಿಡುವ ಸ್ನಾಯುವಿನ ಎಷ್ಟು ಭಾಗ ದಾಟಿದೆ, ಕವಲು ಎಷ್ಟು, ಎಲ್ಲಾದರೂ ಕೀವು ಮಡುಗಟ್ಟಿದೆಯಾ, ಎಲ್ಲ ಅದರಲ್ಲಿ ಕಾಣುತ್ತದೆ. ನಿಮಗೆ ಇದುವರೆಗೆ ಎಂಆರ್‌ಐ ಆಗಿಲ್ಲದಿದ್ದರೆ, ಅಥವಾ ಮೊದಲ ಆಪರೇಷನ್‌ಗೆ ಮುಂಚೆ ಮಾಡಿಸಿದ್ದು ಬಿಟ್ಟರೆ ಬೇರೆ ಇಲ್ಲದಿದ್ದರೆ, ಹೊಸದಾಗಿ ಮಾಡಿಸಿ. ಸಾಲದ ಮೇಲೆ ಸಾಲ ಅನ್ನಿಸಬಹುದು. ಗುರಿ ತಪ್ಪಿದ ಒಂದು ಆಪರೇಷನ್‌ಗಿಂತ ಇದು ಅಗ್ಗ.

ಇನ್ನೊಂದು ವಿಷಯ, ನಮ್ಮ ದೇಶದಲ್ಲಿ ಇದನ್ನು ಮರೆಯಲೇಬಾರದು: ಟಿಬಿ. ಕ್ಷಯ ಅಂದರೆ ಬರೀ ಶ್ವಾಸಕೋಶದ್ದು ಅಂದುಕೊಳ್ಳುತ್ತೇವೆ. ಅದು ಇಲ್ಲಿಗೂ ಬರುತ್ತದೆ, ಕೆಮ್ಮು ಇಲ್ಲದೆಯೂ ಬರುತ್ತದೆ. ಟಿಬಿಯಿಂದ ಆದ ಫಿಸ್ಟುಲಾವನ್ನು ಎಷ್ಟು ಸಲ ಕುಯ್ದರೂ ಬರೀ ಕುಯ್ಯುವುದರಿಂದ ವಾಸಿಯಾಗಲ್ಲ, ಕನಿಷ್ಠ ಆರು ತಿಂಗಳ ಮಾತ್ರೆ ಬೇಕು. ಹಿಂದಿನ ಆಪರೇಷನ್‌ಗಳಲ್ಲಿ ತೆಗೆದ ತುಂಡನ್ನು ಬಯಾಪ್ಸಿಗೆ, ಅಂದರೆ ಲ್ಯಾಬ್ ಪರೀಕ್ಷೆಗೆ, ಕಳಿಸಿದ್ದರಾ? ಮನೆಯಲ್ಲಿರುವ ಡಿಸ್ಚಾರ್ಜ್ ಹಾಳೆ ಹುಡುಕಿ ನೋಡಿ. ಕಳಿಸಿಲ್ಲದಿದ್ದರೆ ಈ ಸಲ ಮೊದಲೇ ಕೇಳಿ: ತುಂಡು ಬಯಾಪ್ಸಿಗೆ ಹೋಗಬೇಕು, ಕೀವಿನಲ್ಲೋ ತುಂಡಿನಲ್ಲೋ ಟಿಬಿ ಪರೀಕ್ಷೆಯೂ ಆಗಬೇಕು. ಇನ್ನೊಂದು ಕಾರಣ ಕ್ರೋನ್ಸ್ ಅನ್ನುವ ಕರುಳಿನ ಕಾಯಿಲೆ. ಪದೇ ಪದೇ ಭೇದಿ, ಹೊಟ್ಟೆನೋವು, ತೂಕ ಇಳಿಯುವುದು ಇದ್ದರೆ ಕೊಲೊನೊಸ್ಕೋಪಿ (ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಬೇಕಾಗುತ್ತದೆ. ಕ್ರೋನ್ಸ್ ಇದ್ದರೂ ಮೊದಲು ಔಷಧಿ, ಆಮೇಲೆ ಕತ್ತಿ. ಸಕ್ಕರೆ ಕಾಯಿಲೆ ಇದೆಯಾ ಅಂತ ಒಂದು ಸಲ ನೋಡಿಸಿ. ಬೀಡಿ ಸಿಗರೇಟು ಇದ್ದರೆ ಬಿಡಿ, ಗಾಯ ಮಾಯೋದಕ್ಕೆ ಅದು ಅಡ್ಡ.

ಇನ್ನು ಡಾಕ್ಟರ್ ಹತ್ತಿರ ಬಿಚ್ಚಿ ಕೇಳಬೇಕಾದ ಮಾತು. ಮಲ, ಗಾಳಿ ಎರಡನ್ನೂ ಹಿಡಿದಿಡಲು ಅಲ್ಲಿ ಎರಡು ಸುತ್ತು ಸ್ನಾಯು ಇದೆ. ಫಿಸ್ಟುಲಾ ಆ ಸ್ನಾಯುವಿನ ಕೆಳಗೆ, ಸ್ವಲ್ಪವೇ ಭಾಗ ದಾಟಿದ್ದರೆ ದಾರಿಯನ್ನು ಪೂರ್ತಿ ಸೀಳಿ ಬಿಡುತ್ತಾರೆ, ಹತ್ತರಲ್ಲಿ ಒಂಬತ್ತು ಜನಕ್ಕೂ ಮಿಕ್ಕಿ ವಾಸಿಯಾಗುತ್ತದೆ. ಮೇಲಕ್ಕೆ ಹೋಗಿದ್ದರೆ ಹಾಗೆ ಸೀಳುವಂತಿಲ್ಲ, ಸೀಳಿದರೆ ಹಿಡಿತ ಹೋಗುತ್ತದೆ. ನಿಮ್ಮದು ಈಗಾಗಲೇ ಮೂರು ಸಲ ಆಪರೇಷನ್ ಆದ ಜಾಗ, ಉಳಿದಿರುವ ಸ್ನಾಯು ಎಷ್ಟು ಅಂತ ಯೋಚಿಸಲೇಬೇಕು. ‘ಸಾರ್, ಇದರಿಂದ ನನ್ನ ಹಿಡಿತಕ್ಕೆ ಏನಾದರೂ ಆಗುತ್ತಾ?’ ಅಂತ ನೇರವಾಗಿ ಕೇಳಿ. ಈ ಪ್ರಶ್ನೆಗೆ ಸಿಡುಕುವ ಸರ್ಜನ್‌ರನ್ನು ಬಿಟ್ಟು ಬೇರೆಯವರನ್ನು ನೋಡುವುದೇ ಒಳ್ಳೆಯದು. ಸಾಧ್ಯವಾದರೆ ದೊಡ್ಡ ಕರುಳು, ಮಲದ್ವಾರ ಇದನ್ನೇ ಮುಖ್ಯವಾಗಿ ನೋಡುವ ಕೋಲೊರೆಕ್ಟಲ್ ಸರ್ಜನ್ ಹತ್ತಿರ ಹೋಗಿ, ಹಳೆಯ ಹಾಳೆಗಳನ್ನೆಲ್ಲ ತೆಗೆದುಕೊಂಡು. ಏನೇನು ಮಾಡಿದೆವು ಅಂತ ಬರೆದಿರುವ ಆಪರೇಷನ್ ನೋಟ್ಸ್ ಹಿಂದಿನ ಆಸ್ಪತ್ರೆಯಲ್ಲಿ ಇರುತ್ತದೆ. ಅದರ ನಕಲು ಕೇಳಿ ಪಡೆಯುವ ಹಕ್ಕು ನಿಮಗಿದೆ.

ಸರ್ಜನ್ ಬಹುಶಃ ‘ಮೊದಲು ಸೀಟನ್ ಹಾಕೋಣ’ ಅನ್ನಬಹುದು. ಅಂದರೆ ಆ ದಾರಿಯೊಳಗೆ ಒಂದು ಮೆತ್ತನೆಯ ದಾರವನ್ನೋ ರಬ್ಬರ್ ಎಳೆಯನ್ನೋ ಸಡಿಲವಾಗಿ ಕಟ್ಟಿ ಬಿಡುವುದು. ಕೀವು ಒಳಗೆ ನಿಲ್ಲದೆ ಇಳಿದುಹೋಗುತ್ತದೆ, ಕುರು ಮತ್ತೆ ಏಳುವುದಿಲ್ಲ, ಸುತ್ತಲಿನ ಉರಿಯೂತ ಇಳಿದ ಮೇಲೆ ಮುಂದಿನ ಆಪರೇಷನ್ ಗಟ್ಟಿ ನೆಲದ ಮೇಲೆ ಆಗುತ್ತದೆ. ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಇರುತ್ತದೆ. ದಾರ ಕಟ್ಟಿಕೊಂಡು ಓಡಾಡೋದು ಅಂದರೆ ಬಹಳ ಜನಕ್ಕೆ ಸೋತ ಹಾಗೆ ಅನ್ನಿಸುತ್ತದೆ. ನನ್ನ ಲೆಕ್ಕದಲ್ಲಿ ಕುರು ಏಳದೆ, ಜ್ವರ ಬರದೆ ಆರು ತಿಂಗಳು ಕಳೆದರೆ ಅದೂ ಗೆಲುವೇ. ಎರಡು ಮೂರು ಹಂತದಲ್ಲಿ ಮಾಡುತ್ತೇವೆ ಅಂತ ಮೊದಲೇ ಹೇಳಿ ಮಾಡುವ ಆಪರೇಷನ್ನೂ, ಒಂದು ಫೇಲಾಯಿತು ಅಂತ ಮಾಡುವ ಇನ್ನೊಂದು ಆಪರೇಷನ್ನೂ ಒಂದೇ ಅಲ್ಲ. ಎಣಿಸುವಾಗ ಎರಡನ್ನೂ ಸೇರಿಸಿ ಎದೆಗುಂದಬೇಡಿ.

ದಿನದ ಪಾಡಿಗೆ ಬರೋಣ. ಅಂಗಡಿಗೆ ಹೋಗುವಾಗ ಹೆಂಗಸರು ಬಳಸುವ ತೆಳು ಸ್ಯಾನಿಟರಿ ಪ್ಯಾಡ್ ಚಡ್ಡಿಯೊಳಗೆ ಅಂಟಿಸಿಕೊಳ್ಳಿ, ಗಾಜ್ ಬಟ್ಟೆಗಿಂತ ಎಷ್ಟೋ ವಾಸಿ, ಮೆಡಿಕಲ್ ಶಾಪಿನಲ್ಲಿ ನಾಚಿಕೆ ಆದರೆ ಮನೆಯವರಿಗಾಗಿ ಅಂದರಾಯಿತು. ಗಾಢ ಬಣ್ಣದ ಪ್ಯಾಂಟ್, ಬ್ಯಾಗಿನಲ್ಲಿ ಒಂದು ಜೊತೆ ಒಳಉಡುಪು. ಅಲ್ಲಿಗೆ ಹಿಂದೆ ಮುಟ್ಟಿ ನೋಡಿಕೊಳ್ಳುವ ಚಡಪಡಿಕೆ ಅರ್ಧ ಕಡಿಮೆಯಾಗುತ್ತದೆ. ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂರಿ, ದಿನಕ್ಕೆ ಎರಡು ಮೂರು ಸಲ, ಮುಖ್ಯವಾಗಿ ಮಲವಿಸರ್ಜನೆ ಆದ ಮೇಲೆ. ಡೆಟಾಲ್ ಹಾಕಬೇಡಿ, ಗಾಯ ಉರಿಯುತ್ತದೆ. ಬರೀ ನೀರು ಸಾಕು. ಡ್ರೆಸಿಂಗ್ ಮಾಡುವಾಗ ಜೀವ ಹೋಗುವಷ್ಟು ನೋವಾದರೆ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ ತೆಗೆದುಕೊಳ್ಳಬಹುದಾ ಅಂತ ಕೇಳಿ. ಹಲ್ಲು ಕಚ್ಚಿ ತಡೆದುಕೊಂಡರೆ ಬೇಗ ಮಾಯುತ್ತದೆ ಅಂತೇನೂ ಇಲ್ಲ.

ಊಟದ ವಿಷಯಕ್ಕೆ ಅಮ್ಮನ ಜೊತೆ ಜಗಳ ಬೇಡ, ಆದರೆ ಮೊಟ್ಟೆ ವಾಪಸ್ ತನ್ನಿ. ಗಾಯ ಮಾಯಲು ಪ್ರೋಟೀನ್ ಬೇಕು. ಜಾಸ್ತಿ ಖಾರ ತಿಂದರೆ ಮರುದಿನ ಉರಿಯುತ್ತದೆ ನಿಜ, ಅದರಿಂದ ಫಿಸ್ಟುಲಾ ಬರುವುದಿಲ್ಲ. ಮಲ ಗಟ್ಟಿಯೂ ಆಗಬಾರದು, ನೀರೂ ಆಗಬಾರದು. ಸೊಪ್ಪು, ಕಾಳು, ರಾಗಿ, ನೀರು, ಬೇಕಾದರೆ ರಾತ್ರಿ ಒಂದು ಚಮಚ ಈಸಬ್‌ಗೋಲ್. ಆಂಟಿಬಯಾಟಿಕ್ ಅನ್ನು ನೀವೇ ತಂದು ನುಂಗಬೇಡಿ. ಅದು ಕೀವು ಸ್ವಲ್ಪ ಆರಿಸೀತು, ದಾರಿ ಮುಚ್ಚಲ್ಲ. ಜ್ವರ, ಚಳಿ, ಬಡಿದ ಹಾಗೆ ನೋವು, ಹೊಸ ಊತ ಬಂದರೆ ಮಾತ್ರ ಬೆಳಗಿನವರೆಗೂ ಕಾಯಬೇಡಿ, ಕೀವು ಕೂಡಲೇ ತೆಗೆಯಬೇಕಾಗುತ್ತದೆ.

ನಾಚಿಕೆ ಬಗ್ಗೆ ಒಂದು ಮಾತು. ಫ್ರಾನ್ಸಿನ ರಾಜ 14ನೇ ಲೂಯಿಗೂ ಇದೇ ಕಾಯಿಲೆ ಇತ್ತು. 1686ರ ನವೆಂಬರಿನಲ್ಲಿ ಅವನಿಗೆ ಆಪರೇಷನ್ ಮಾಡಿದರು, ಅರಿವಳಿಕೆ ಇಲ್ಲದ ಕಾಲ, ಗಾಯ ಸರಿಯಾಗಿ ಮಾಯಲಿಲ್ಲ ಅಂತ ಮತ್ತೆಯೂ ಕುಯ್ಯಬೇಕಾಯಿತು. ಆಸ್ಥಾನದವರು ತಮಗೂ ಅದೇ ಆಪರೇಷನ್ ಬೇಕು ಅಂತ ಮುಂದೆ ಬಂದರಂತೆ! ನಿಮ್ಮ ಅಂಗಡಿಯವರು ಅಷ್ಟು ದೂರ ಹೋಗೋದು ಬೇಡ, ಮಾಲೀಕರಿಗೆ ‘ಕುರು ಆಪರೇಷನ್ ಆಗಿದೆ, ಆಗಾಗ ಎದ್ದು ಓಡಾಡಬೇಕು’ ಅಂತ ಹೇಳಿದರೆ ಸಾಕು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನೇನು ಸಿಗುತ್ತದೆ ಅಂತ ಸರ್ಕಾರಿ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ವಿಚಾರಿಸಿ, ಆಪರೇಷನ್ ದಿನ ಗೊತ್ತು ಮಾಡುವ ಮೊದಲೇ.

ಪ್ರಶ್ನೆ: ನನ್ನ ತಮ್ಮನಿಗೆ ಎರಡು ಸಲ ಆಪರೇಷನ್ ಆಗಿ ಭಗಂದರ ಮರಳಿ ಬಂದಿದೆ. ಕೆಲವರು ಲೇಸರ್ ಅನ್ನುತ್ತಾರೆ, ಕೆಲವರು ಆಯುರ್ವೇದದ ಕ್ಷಾರಸೂತ್ರ ಅನ್ನುತ್ತಾರೆ. ಯಾವುದು ಒಳ್ಳೆಯದು?
– ಓದುಗರು, ಕಲಬುರಗಿ

ಉತ್ತರ: ಕ್ಷಾರಸೂತ್ರವನ್ನು ನಾಟಿ ಔಷಧಿ ಅಂತ ತಳ್ಳಿಹಾಕಬೇಡಿ. ಸುಶ್ರುತನ ಕಾಲದ ವಿಧಾನ, ಕಳೆದ ಶತಮಾನದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮತ್ತೆ ಜೀವ ಪಡೆಯಿತು. ದಾರಕ್ಕೆ ಎಲೆಗಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಶಿನ ಹೀಗೆ 21 ಸಲ ಲೇಪ ಕೊಟ್ಟು ಒಣಗಿಸುತ್ತಾರೆ. ಅದನ್ನು ಫಿಸ್ಟುಲಾ ದಾರಿಯೊಳಗೆ ಕಟ್ಟಿ ವಾರಕ್ಕೊಮ್ಮೆ ಬದಲಿಸುತ್ತಾ ಹೋದರೆ ನಿಧಾನವಾಗಿ ಕುಯ್ಯುತ್ತಲೂ ಹಿಂದೆಯೇ ಮಾಯುತ್ತಲೂ ಬರುತ್ತದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸಿ 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಷಾರಸೂತ್ರದವರಲ್ಲಿ ನೂರಕ್ಕೆ 4 ಜನಕ್ಕೆ, ಆಪರೇಷನ್ ಆದವರಲ್ಲಿ 11 ಜನಕ್ಕೆ ಮರುಕಳಿಸಿತ್ತು. ಆದರೆ ಮಾಯಲು ನಾಲ್ಕು ವಾರದ ಬದಲು ಎಂಟು ವಾರ ಬೇಕಾಯಿತು. ವಾರ ವಾರ ದಾರ ಬದಲಿಸುವಾಗ ನೋವಿದೆ, ಅದನ್ನು ಯಾರೂ ಜಾಹೀರಾತಿನಲ್ಲಿ ಬರೆಯಲ್ಲ.

ಲೇಸರ್‌ನಲ್ಲಿ ಸ್ನಾಯು ಕುಯ್ಯುವುದಿಲ್ಲ, ಬೇಗ ಕೆಲಸಕ್ಕೆ ಹೋಗಬಹುದು. ಆದರೆ ಮೂವರಲ್ಲಿ ಒಬ್ಬರಿಗಾದರೂ ಮರಳಿ ಬರಬಹುದು ಅನ್ನುವ ಲೆಕ್ಕ ಇಟ್ಟುಕೊಂಡೇ ಹೋಗಿ. ‘ನೂರಕ್ಕೆ ನೂರು ಗ್ಯಾರಂಟಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಯಾವುದೇ ಆಗಲಿ, ಸ್ನಾಯುವಿನ ಮೇಲಕ್ಕೆ ಹೋದ ಫಿಸ್ಟುಲಾ ಆದರೆ ಕ್ಷಾರಸೂತ್ರವೂ ಸ್ನಾಯು ಕುಯ್ಯುತ್ತದೆ ಅನ್ನೋದು ನೆನಪಿರಲಿ. ಎಂಆರ್‌ಐ ನೋಡಿ ಕಟ್ಟುವ, ಶಲ್ಯತಂತ್ರದಲ್ಲಿ, ಅಂದರೆ ಆಯುರ್ವೇದದ ಶಸ್ತ್ರಚಿಕಿತ್ಸೆಯಲ್ಲಿ, ಎಂಎಸ್ ಮಾಡಿದ ಆಯುರ್ವೇದ ವೈದ್ಯರಲ್ಲಿಗೆ ಹೋಗಿ. ಬೆಂಗಳೂರು, ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಬಸ್‌ಸ್ಟ್ಯಾಂಡ್ ಹತ್ತಿರ ‘ಒಂದೇ ಇಂಜೆಕ್ಷನ್‌ಗೆ ಮೂಲವ್ಯಾಧಿ, ಭಗಂದರ ಮಾಯ’ ಅಂತ ಬೋರ್ಡ್ ಹಾಕಿರುವ ಕಡೆ ಕಾಲಿಡಬೇಡಿ. ಏನು ಚುಚ್ಚುತ್ತಾರೋ ಯಾರಿಗೂ ಗೊತ್ತಿಲ್ಲ, ಸ್ನಾಯು ಕೊಳೆತು ಹೋದರೆ ಕಟ್ಟಿಕೊಡುವವರೂ ಇಲ್ಲ.

ಪ್ರಶ್ನೆ: ನಮ್ಮೆಜಮಾನರಿಗೆ ಇದೇ ತೊಂದರೆ. ಡ್ರೆಸಿಂಗ್ ನಾನೇ ಮಾಡುತ್ತೇನೆ. ಆಪರೇಷನ್ ಆದಾಗಿನಿಂದ ನನ್ನನ್ನು ಹತ್ತಿರ ಸೇರಿಸುವುದಿಲ್ಲ, ಮಾತೂ ಕಡಿಮೆ, ರಾತ್ರಿ ನಿದ್ದೆ ಇಲ್ಲ. ವಾಸನೆ ಬರುತ್ತದೆ ಅಂತ ಬೇರೆ ಮಲಗುತ್ತಾರೆ. ಏನು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ಅಮ್ಮಾ, ಡ್ರೆಸಿಂಗ್ ಮಾಡುವ ಕೆಲಸದಿಂದ ನೀವು ಸ್ವಲ್ಪ ಹಿಂದೆ ಸರಿಯಿರಿ. ಹತ್ತಿರದ ಕ್ಲಿನಿಕ್ಕಿನ ನರ್ಸ್ ಮಾಡಲಿ, ಅಥವಾ ಕನ್ನಡಿ ಇಟ್ಟುಕೊಂಡು ಅವರೇ ಕಲಿಯಲಿ. ಕೀವು ಒರೆಸುವ ಕೈ ಮತ್ತು ಹೆಂಡತಿಯ ಕೈ ಒಂದೇ ಆದಾಗ ಎಷ್ಟೋ ಗಂಡಸರು ಹೀಗೆ ದೂರ ಸರಿಯುತ್ತಾರೆ, ಕೋಪದಿಂದ ಅಲ್ಲ, ಸಂಕೋಚದಿಂದ. ಕಾಯಿಲೆ ನಿಮಗೆ ಅಂಟುವುದಿಲ್ಲ, ಗಾಯಕ್ಕೆ ನೋವಾಗದಿದ್ದರೆ ಗಂಡ ಹೆಂಡತಿ ಸೇರುವುದಕ್ಕೂ ಅಡ್ಡಿಯಿಲ್ಲ. ಟಿಬಿ ಇದೆ ಅಂತ ಗೊತ್ತಾದರೆ ಮಾತ್ರ ಮನೆಯವರೂ ತಪಾಸಣೆ ಮಾಡಿಸಿಕೊಳ್ಳಿ. ಇದನ್ನೆಲ್ಲ ನೀವು ಹೇಳುವುದಕ್ಕಿಂತ ಮುಂದಿನ ಸಲ ಡಾಕ್ಟರ್ ಬಾಯಿಂದಲೇ ಅವರಿಗೆ ಕೇಳಿಸಿ. ವಾಸನೆ ಹೊಸದಾಗಿ ಜಾಸ್ತಿಯಾಗಿದ್ದರೆ ಗಾಯವನ್ನು ತೋರಿಸಲೇಬೇಕು. ನಿದ್ದೆ ಇಲ್ಲದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ದಾಟಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೂ ಮಾತ್ರೆ ಇದೆ, ಮಾತಿನ ಚಿಕಿತ್ಸೆಯೂ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ. ಯಜಮಾನರು ಮಾಡದಿದ್ದರೆ ಮೊದಲು ನೀವೇ ಮಾಡಿ.