ಯೆಹೂದಿಗಳ ನಡುವೆ ಹುಟ್ಟಿದ ಕ್ರೈಸ್ತ ಧರ್ಮ ಬೇರೆಯವರಿಗೆ ಹರಡಿದ್ದು ಹೇಗೆ?

ಯೇಸು ಯೆಹೂದಿ, ಅವರ ಮೊದಲ ಶಿಷ್ಯರೂ ಯೆಹೂದಿಗಳೇ. ಸುಮಾರು ಕ್ರಿ.ಶ. 30ರಲ್ಲಿ ಯೇಸುವನ್ನು ಜೆರುಸಲೇಮಿನಲ್ಲಿ ಶಿಲುಬೆಗೇರಿಸಿದ ಮೇಲೂ ಶಿಷ್ಯರು ಅಲ್ಲಿನ ಯೆಹೂದಿ ದೇವಾಲಯಕ್ಕೆ ಹೋಗುವುದನ್ನು ಬಿಡಲಿಲ್ಲ. ಹೊಸ ಧರ್ಮ ಕಟ್ಟುವ ಯೋಚನೆಯೇ ಅವರಿಗೆ ಇದ್ದಂತಿಲ್ಲ.

ತಿರುವು ಸಿಕ್ಕಿದ್ದು ಅಂತಿಯೋಕ್ಯದಲ್ಲಿ, ಅಂದರೆ ಇಂದಿನ ಟರ್ಕಿಯ ಅಂತಾಕ್ಯದಲ್ಲಿ. ಅಲ್ಲಿ ಗ್ರೀಕರೂ ಸೇರತೊಡಗಿದರು. ‘ಕ್ರೈಸ್ತರು’ ಎಂಬ ಹೆಸರು ಮೊದಲು ಬಂದದ್ದೂ ಅಲ್ಲೇ ಎನ್ನುತ್ತದೆ ಬೈಬಲ್. ಆಗ ಜಗಳ ಶುರುವಾಯಿತು: ಹೊಸಬರು ಯೆಹೂದಿಗಳ ಕಟ್ಟಳೆಯಂತೆ ಸುನ್ನತಿ ಮಾಡಿಸಿಕೊಳ್ಳಬೇಕೇ? ಬೆಳೆದ ಗಂಡಸರಿಗೆ ಅದು ಸುಮ್ನೆ ಮಾತಲ್ಲ, ಅಲ್ವಾ! ಬೇಡ ಎಂದು ಪಟ್ಟು ಹಿಡಿದದ್ದು ಊರೂರು ತಿರುಗಿ ಬೋಧಿಸುತ್ತಿದ್ದ ಪೌಲ. ಸುಮಾರು 49ರಲ್ಲಿ ಜೆರುಸಲೇಮಿನಲ್ಲಿ ಸೇರಿದ ಮುಖಂಡರ ಸಭೆ ಅದನ್ನು ಒಪ್ಪಿತು. ರೋಮನ್ ರಸ್ತೆಗಳು, ಗ್ರೀಕ್ ಭಾಷೆ ಎಲ್ಲವೂ ನೆರವಾದವು ನಿಜ. ಆದರೆ ನನ್ನ ಲೆಕ್ಕದಲ್ಲಿ ಈ ಒಂದು ತೀರ್ಮಾನದ ಪಾಲೇ ಜಾಸ್ತಿ.

ಆಗ ಚರ್ಚ್ ಕಟ್ಟಡಗಳಿರಲಿಲ್ಲ. ಯಾರದೋ ಮನೆಯಲ್ಲಿ ಊಟ, ಪ್ರಾರ್ಥನೆ. ಕೊರಿಂಥ, ರೋಮ್‌ನಂಥ ಊರುಗಳ ಇಂಥ ಕೂಟಗಳಿಗೇ ಪೌಲ ಪತ್ರ ಬರೆದದ್ದು. ಸುಮಾರು 112ರಲ್ಲಿ ಕಪ್ಪು ಸಮುದ್ರದ ದಡದ ಪ್ರಾಂತ್ಯವನ್ನು ಆಳುತ್ತಿದ್ದ ರೋಮನ್ ಅಧಿಕಾರಿ ಪ್ಲಿನಿ, ಈ ಪಂಥ ಹಳ್ಳಿಗಳಿಗೂ ಹಬ್ಬಿದೆ ಎಂದು ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದ. 313ರಲ್ಲಿ ರೋಮನ್ ಚಕ್ರವರ್ತಿಗಳಾದ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಈ ಧರ್ಮಕ್ಕೆ ಕಾನೂನಿನ ಮಾನ್ಯತೆ ಕೊಟ್ಟರು.